ನೆನಪಿನ ಫ್ರೆಂಚ್ ಕಾದಂಬರಿಗಳು: ಮೊದಲು ಯಾವುದನ್ನು ಓದುವುದು?

ನೆನಪಿನ ಬಗ್ಗೆ ಬರೆದ ಫ್ರೆಂಚ್ ಕಾದಂಬರಿ ಎಂದರೆ ಬಹಳ ಜನಕ್ಕೆ ಮೊದಲು ಹೊಳೆಯುವುದು ಪ್ರೂಸ್ತ್. ಏಳು ಸಂಪುಟ, ಚಹಾದಲ್ಲಿ ಅದ್ದಿದ ಮದ್ಲೇನ್ ಕೇಕು, ಅರ್ಧ ಪುಟಕ್ಕೂ ಮುಗಿಯದ ವಾಕ್ಯಗಳು. ಅಲ್ಲಿಂದಲೇ ಶುರು ಮಾಡಬೇಕೆಂದು ಹಟ ಹಿಡಿದವರು ಮೊದಲ ಸಂಪುಟದ ನಡುವಿನಲ್ಲೇ ಪುಸ್ತಕ ಮಡಚಿಟ್ಟು, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಸುಮ್ಮನೆ ನಷ್ಟ. ಕಳೆದ ಐವತ್ತು ವರ್ಷಗಳ ಫ್ರೆಂಚ್ ಕಾದಂಬರಿಯ ಒಳಗೆ ಹೋಗಲು ಪ್ರೂಸ್ತ್‌ನ ಬಾಗಿಲನ್ನೇ ತಟ್ಟಬೇಕಾಗಿಲ್ಲ. ಅವನಲ್ಲಿ ನೆನಪು ಕರೆಯದೆ ಬರುತ್ತದೆ. ಈಚಿನವರಲ್ಲಿ ಅದು ಕರೆದರೂ ಬರುವುದಿಲ್ಲ. ಟೆಲಿಫೋನ್ ಡೈರೆಕ್ಟರಿ, ಪೊಲೀಸ್ ಕಡತ, ಶಾಲೆಯ ದಾಖಲಾತಿ ಪುಸ್ತಕ, ಬಣ್ಣಗೆಟ್ಟ ಫೋಟೋ ಇವನ್ನೆಲ್ಲ ತಡಕಾಡಿ ಎಳೆದು ತರಬೇಕು. ಫ್ರಾನ್ಸ್ ನಾಜಿಗಳ ಹಿಡಿತದಲ್ಲಿದ್ದ 1940ರಿಂದ 1944ರ ಕಾಲ, ಆಮೇಲೆ ಫ್ರೆಂಚರಿಂದ ಬಿಡುಗಡೆಗಾಗಿ ನಡೆದ 1954ರಿಂದ 1962ರ ಅಲ್ಜೀರಿಯಾ ಯುದ್ಧ, ಇವೆರಡರ ಬಗ್ಗೆ ಮನೆಯ ಹಿರಿಯರು ಬಾಯಿ ಮುಚ್ಚಿಕೊಂಡಿದ್ದರು. ಆ ಮೌನದ ಮುಂದೆ ಕೂತು ಬರೆದ ಕಾದಂಬರಿಗಳು ಇವು.

ಇವರಿಗೆ ಇದು ಹೇಗೆ ಗೊತ್ತು?

ಪ್ರಶಸ್ತಿ ನೋಡಿ ಆರಿಸಿದರೆ ಮೋಸ ಹೋಗುತ್ತೀರಿ, ಏಕೆಂದರೆ ಇಲ್ಲಿ ಹೇಳುವ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಒಂದಲ್ಲ ಒಂದು ದೊಡ್ಡ ಪ್ರಶಸ್ತಿ ಅಂಟಿಕೊಂಡಿದೆ. ಪುಟದ ಲೆಕ್ಕವೂ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವುದು ಒಂದೇ ಪ್ರಶ್ನೆ: ಹೇಳುತ್ತಿರುವವರಿಗೆ ಇದು ಹೇಗೆ ಗೊತ್ತಾಯಿತು?

ಈ ಪ್ರಶ್ನೆ ಕನ್ನಡದವರಿಗೆ ಕಲಿಸಿಕೊಡಬೇಕಾದ್ದಲ್ಲ. 'ಬಂದಳು' ಎಂದರೆ ಕಂಡದ್ದು. 'ಬಂದಳಂತೆ' ಎಂದರೆ ಯಾರೋ ಹೇಳಿದ್ದು. 'ಬಂದಿರಬೇಕು' ಎಂದರೆ ದಾಖಲೆ, ಗುರುತು ನೋಡಿ ಲೆಕ್ಕ ಹಾಕಿದ್ದು. 'ಬಂದಿದ್ದರೂ ಬಂದಿರಬಹುದು' ಎಂದರೆ ಬರೀ ಊಹೆ, ನಂಬಬೇಡಿ ಎಂದೇ ಅರ್ಥ. ಫ್ರೆಂಚರು ನಮ್ಮ 'ಅಂತೆ'ಯ ಕೆಲಸವನ್ನು ಕೆಲವೊಮ್ಮೆ ಷರತ್ತಿನ ಕ್ರಿಯಾರೂಪದಿಂದ ಮಾಡಿಸುತ್ತಾರೆ. ಪತ್ರಿಕೆಗಳಲ್ಲಿ ಖಚಿತವಾಗದ ಸುದ್ದಿಯನ್ನು ಬರೆಯುವುದು ಆ ರೂಪದಲ್ಲೇ. ನೆನಪಿನ ಕಾದಂಬರಿಯ ನಿಜವಾದ ಬಗೆಗಳು ಈ ನಾಲ್ಕೇ.

ಹಾಗಾಗಿ ಯಾವ ಪುಸ್ತಕ ಸಿಕ್ಕರೂ ಮೊದಲ ಹತ್ತು ಪುಟವನ್ನು ಪೆನ್ಸಿಲ್ ಹಿಡಿದು ಓದಿ. ಕಂಡದ್ದಕ್ಕೆ 'ಕಂ', ಕೇಳಿದ್ದಕ್ಕೆ 'ಕೇ', ದಾಖಲೆಗೆ 'ದಾ', ಊಹೆಗೆ 'ಊ' ಎಂದು ಪಕ್ಕದಲ್ಲಿ ಗೀಚಿ. ಯಾವ ಅಕ್ಷರ ಹೆಚ್ಚು ಬಿತ್ತೋ ಆ ಪುಸ್ತಕ ಆ ಜಾತಿಯದು. ನಿಮಗೆ ಊಹೆಯ ಕಥನ ಇಷ್ಟವಾಗಿದ್ದು ಪುಟವೆಲ್ಲ 'ದಾ' ಬಿದ್ದಿದ್ದರೆ ಅದನ್ನು ಆಮೇಲೆ ಓದಿದರಾಯಿತು.

ದಾಖಲೆಯ ದಾರಿ: 'ದೋರಾ ಬ್ರುದೇ' ಮತ್ತು 'ಪೋಸ್ಟ್‌ಕಾರ್ಡ್'

ಒಂದೇ ಪುಸ್ತಕ ಹೇಳಿ ಎಂದರೆ ಪಾಟ್ರಿಕ್ ಮೊದಿಯಾನೋ ಅವರ 'ದೋರಾ ಬ್ರುದೇ' (1997). 2014ರಲ್ಲಿ ನೊಬೆಲ್ ಬಂದ ಲೇಖಕ, ಸುಮಾರು 130 ಪುಟ, ಎರಡು ಸಂಜೆಗೆ ಮುಗಿಯುತ್ತದೆ.

ಪುಸ್ತಕ ಶುರುವಾಗುವುದು 1941ರ ಡಿಸೆಂಬರ್ 31ರ 'ಪಾರಿ-ಸುವಾರ್' ಪತ್ರಿಕೆಯಲ್ಲಿ ಬಂದ ಒಂದು ಜಾಹೀರಾತಿನಿಂದ. ಕಾಣೆಯಾದ ಹುಡುಗಿ, ವಯಸ್ಸು 15, ಎತ್ತರ 1.55 ಮೀಟರ್, ಕೋಲು ಮುಖ, ಬೂದು-ಕಂದು ಕಣ್ಣು, ಬೂದು ಕೋಟು, ಮೆರೂನ್ ಪುಲ್‌ಓವರ್, ಕಡುನೀಲಿ ಸ್ಕರ್ಟು ಮತ್ತು ಟೋಪಿ, ಕಂದು ಬೂಟು. ಸುಳಿವು ಸಿಕ್ಕರೆ 41, ಬುಲ್ವಾರ್ ಓರ್ನಾನೋ, ಪ್ಯಾರಿಸ್ ವಿಳಾಸಕ್ಕೆ ತಿಳಿಸುವುದು. ಮೊದಿಯಾನೋ ಈ ಕೆಲವು ಸಾಲುಗಳ ಬೆನ್ನು ಹತ್ತುತ್ತಾರೆ. ಹುಡುಗಿ ಹುಟ್ಟಿದ ದಿನ 1926ರ ಫೆಬ್ರವರಿ 25 ಎಂದು ತಿಳಿಯಲು ನಾಲ್ಕು ವರ್ಷ. ಹುಟ್ಟಿದ್ದು ಪ್ಯಾರಿಸ್ಸಿನ 12ನೇ ವಿಭಾಗದಲ್ಲಿ ಎಂದು ತಿಳಿಯಲು ಇನ್ನೆರಡು ವರ್ಷ. ಆಕೆ ಯಹೂದಿ, ಕ್ರೈಸ್ತ ಸನ್ಯಾಸಿನಿಯರ ವಸತಿಶಾಲೆಯಿಂದ ಓಡಿಹೋಗಿದ್ದಳು. 1942ರ ಸೆಪ್ಟೆಂಬರ್ 18ರಂದು ಯಹೂದಿಗಳನ್ನು ಕೂಡಿಹಾಕುತ್ತಿದ್ದ ದ್ರಾನ್ಸಿ ಶಿಬಿರದಿಂದ ತಂದೆಯ ಜೊತೆ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ಗೆ ಸಾಗಿಸಿದರು.

ಓಡಿಹೋದ ತಿಂಗಳುಗಳಲ್ಲಿ ದೋರಾ ಎಲ್ಲಿದ್ದಳು, ಯಾರ ಜೊತೆಗಿದ್ದಳು? ಅದನ್ನು ಮೊದಿಯಾನೋ ಕಟ್ಟಿ ಹೇಳುವುದಿಲ್ಲ. ಹೇಳಬಲ್ಲವರೇ ಆಗಿದ್ದರು, ಇದೇ ಜಾಹೀರಾತಿನ ಎಳೆ ಹಿಡಿದು 1990ರಲ್ಲಿ 'ವೊಯಾಜ್ ದ ನೋಸ್' ಎಂಬ ಕಲ್ಪಿತ ಕಾದಂಬರಿ ಬರೆದಿದ್ದರು. ಏಳು ವರ್ಷದ ನಂತರ ಕಲ್ಪನೆಯನ್ನು ಪಕ್ಕಕ್ಕಿಟ್ಟು, ಬೀದಿ, ಹವಾಮಾನ, ಕಡತದ ಸಂಖ್ಯೆ ಇಷ್ಟನ್ನೇ ಹಿಡಿದು ಮತ್ತೆ ಬರೆದರು. ಆ ಹಿಂಜರಿಕೆಯೇ ಪುಸ್ತಕದ ಬೆನ್ನೆಲುಬು. ಪ್ಯಾರಿಸ್ಸಿನ 18ನೇ ವಿಭಾಗದಲ್ಲಿ ಈಗ ದೋರಾಳ ಹೆಸರಿನ ಕಾಲುದಾರಿಯಿದೆ.

ಓದುಗರು ಎಡವುವುದು ಬೀದಿಗಳ ಹೆಸರಿನಲ್ಲಿ. ಪುಟಕ್ಕೆ ನಾಲ್ಕೈದು ಬೀದಿ ಬಂದಾಗ ಕಣ್ಣು ಜಾರುತ್ತದೆ. ಪ್ಯಾರಿಸ್ ನಕಾಶೆಯಲ್ಲಿ ಮೂರು ಜಾಗ ಗುರುತು ಮಾಡಿಕೊಳ್ಳಿ ಸಾಕು: ಉತ್ತರದಲ್ಲಿ ಬುಲ್ವಾರ್ ಓರ್ನಾನೋ, ಪೂರ್ವದಲ್ಲಿ ವಸತಿಶಾಲೆಯಿದ್ದ ರ‍್ಯೂ ದ ಪಿಕ್ಪ್ಯೂಸ್, ಊರಾಚೆ ಈಶಾನ್ಯಕ್ಕೆ ದ್ರಾನ್ಸಿ. ಭಾನುವಾರ ಸಂಜೆ ಹುಡುಗಿ ಮನೆಯಿಂದ ಶಾಲೆಗೆ ವಾಪಸಾಗುವ ಮೆಟ್ರೋ ಪ್ರಯಾಣ ಎಷ್ಟು ದೂರದ್ದು ಎಂದು ಒಮ್ಮೆ ನೋಡಿಕೊಂಡರೆ ಆ ಪುಟಗಳ ಚಳಿ ತಾನಾಗಿ ತಟ್ಟುತ್ತದೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಜೊಆನಾ ಕಿಲ್ಮಾರ್ಟಿನ್ ಅವರ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ 'ದೋರಾ ಬ್ರುದೇ' ಎಂದೇ ಬಂದಿದ್ದರೆ, ಬ್ರಿಟನ್ನಿನಲ್ಲಿ 'ದಿ ಸರ್ಚ್ ವಾರಂಟ್' ಎಂಬ ಹೆಸರಿನಲ್ಲಿ ಬಂದಿದೆ. ಬೇರೆ ಪುಸ್ತಕವೆಂದುಕೊಂಡು ಎರಡನ್ನೂ ತರಿಸಬೇಡಿ.

ಇದರ ಪಕ್ಕಕ್ಕಿಟ್ಟು ನೋಡಬೇಕಾದ್ದು ಆನ್ ಬೆರೆಸ್ಟ್ ಅವರ 'ಲಾ ಕಾರ್ತ್ ಪೋಸ್ತಾಲ್' (2021, ಟೀನಾ ಕೋವರ್ ಅವರ ಅನುವಾದದಲ್ಲಿ 'ದಿ ಪೋಸ್ಟ್‌ಕಾರ್ಡ್'). 2003ರ ಜನವರಿಯಲ್ಲಿ ಲೇಖಕಿಯ ತಾಯಿಯ ಮನೆಗೆ ಒಂದು ಕಾರ್ಡು ಬರುತ್ತದೆ. ಒಂದು ಮಗ್ಗುಲಲ್ಲಿ ಪ್ಯಾರಿಸ್ಸಿನ ಒಪೆರಾ ಕಟ್ಟಡದ ಚಿತ್ರ, ಇನ್ನೊಂದರಲ್ಲಿ ನಾಲ್ಕೇ ಹೆಸರು: ಎಫ್ರಾಯಿಮ್, ಎಮ್ಮಾ, ನೊಯೆಮಿ, ಜಾಕ್. ನಾಲ್ವರೂ 1942ರಲ್ಲಿ ಆಶ್‌ವಿಟ್ಜ್‌ನಲ್ಲಿ ಸತ್ತ ಬಂಧುಗಳು. ಕಳಿಸಿದವರ ಹೆಸರಿಲ್ಲ. ಬೆರೆಸ್ಟ್ ಕೂಡ ದಾಖಲೆ ಹುಡುಕುತ್ತಾರೆ, ಆದರೆ ಸಿಕ್ಕ ದಾಖಲೆಗಳ ನಡುವಿನ ಜಾಗವನ್ನು ಸಂಭಾಷಣೆಯಿಂದ, ದೃಶ್ಯಗಳಿಂದ ತುಂಬುತ್ತಾರೆ. ಮೊದಿಯಾನೋ ಖಾಲಿ ಬಿಟ್ಟ ಕಡೆ ಇವರು ದೀಪ ಹಚ್ಚಿ ಜನರನ್ನು ಕೂರಿಸಿ ಮಾತಾಡಿಸುತ್ತಾರೆ. ಓಟ ಬೇಕು, ಮುಂದೇನು ಎಂಬ ಕುತೂಹಲ ಬೇಕು ಎನ್ನುವವರಿಗೆ ಇದೇ ಸರಿ. ಎರಡನ್ನೂ ಓದುವುದಾದರೆ ಬೆರೆಸ್ಟ್ ಮೊದಲು, ಮೊದಿಯಾನೋ ಆಮೇಲೆ. ತಿರುಗುಮುರುಗು ಮಾಡಿದರೆ ಬೆರೆಸ್ಟ್ ಅವರ ಸಂಭಾಷಣೆಗಳು ನಾಟಕದ ಹಾಗೆ ಕೇಳಿಸತೊಡಗುತ್ತವೆ. ಪಾಪ, ಅದು ಅವರ ತಪ್ಪಲ್ಲ.

ಮೊದಿಯಾನೋ ಅವರ ಇನ್ನೊಂದು ಪ್ರಸಿದ್ಧ ಕೃತಿ, 1978ರಲ್ಲಿ ಫ್ರಾನ್ಸಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ ಪಡೆದ 'ರ‍್ಯೂ ದೆ ಬುತೀಕ್ ಒಬ್ಸ್ಕ್ಯೂರ್' (ಇಂಗ್ಲಿಷಿನಲ್ಲಿ 'ಮಿಸ್ಸಿಂಗ್ ಪರ್ಸನ್'), ನೆನಪು ಕಳೆದುಕೊಂಡ ಪತ್ತೇದಾರ ತನ್ನನ್ನೇ ಪತ್ತೆ ಮಾಡಹೊರಡುವ ಕಥೆ. ಪತ್ತೇದಾರಿಯೆಂದು ನಂಬಿ ಕೊನೆಯಲ್ಲಿ ಉತ್ತರ ಕಾಯುವವರು ಸಿಟ್ಟಾಗುತ್ತಾರೆ. ಹೆಸರುಗಳೂ ಹೆಚ್ಚು, ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳದಿದ್ದರೆ ಮೂರನೇ ಫೋಟೋ ಹೊತ್ತಿಗೆ ಯಾರು ಯಾರೆಂದು ತಪ್ಪುತ್ತದೆ. ಎರಡನೆಯ ಮೊದಿಯಾನೋ ಆಗಿ ಒಳ್ಳೆಯದು, ಮೊದಲನೆಯದಾಗಿ ಬೇಡ.

ಆನಿ ಎರ್ನೋ: ನೂರು ಪುಟವೋ, ಅರವತ್ತು ವರ್ಷವೋ?

2022ರ ನೊಬೆಲ್ ನಂತರ ಎರ್ನೋ ಅವರ ಪುಸ್ತಕಗಳು ನಮ್ಮ ಅಂಗಡಿಗಳಲ್ಲೂ ಸಾಲಾಗಿ ಕೂತಿವೆ. ಹೆಚ್ಚಿನವು ತೆಳು. ಆಯ್ಕೆ ಇರುವುದು ಮುಖ್ಯವಾಗಿ 'ಲಾ ಪ್ಲಾಸ್' (1983) ಮತ್ತು 'ಲೆಜಾನೆ' (2008) ನಡುವೆ. ಇಂಗ್ಲಿಷಿನಲ್ಲಿ ಇವು 'ಎ ಮ್ಯಾನ್ಸ್ ಪ್ಲೇಸ್' ಮತ್ತು 'ದಿ ಇಯರ್ಸ್'. ಎರಡನೆಯದನ್ನು ಆನ್‌ಲೈನಿನಲ್ಲಿ ಹುಡುಕುವಾಗ ಲೇಖಕಿಯ ಹೆಸರನ್ನೂ ಹಾಕಿ. ವರ್ಜೀನಿಯಾ ವುಲ್ಫ್ 1937ರಲ್ಲಿ ಇದೇ ಹೆಸರಿನ ಕಾದಂಬರಿ ಬರೆದಿದ್ದಾರೆ.

'ಲಾ ಪ್ಲಾಸ್' ತಂದೆಯ ಬಗ್ಗೆ. ನಾರ್ಮಂಡಿಯ ಈವ್ತೋ ಪಟ್ಟಣದಲ್ಲಿ ಕಾಫಿ ಅಂಗಡಿ ಮತ್ತು ದಿನಸಿ ಅಂಗಡಿಯನ್ನು ಒಟ್ಟಿಗೆ ನಡೆಸುತ್ತಿದ್ದ ಮನುಷ್ಯ. ಮಗಳು ಓದಿ ಅಧ್ಯಾಪಕಿಯಾದಳು. ಅವಳು ಅಧ್ಯಾಪಕಿಯಾಗಲು ಬೇಕಾದ ಪರೀಕ್ಷೆ ಪಾಸಾದ ಎರಡೇ ತಿಂಗಳಿಗೆ ಅವನು ತೀರಿಕೊಂಡ. ಮೊದಲು ಅಪ್ಪನನ್ನು ಪಾತ್ರ ಮಾಡಿಕೊಂಡು ಕಾದಂಬರಿ ಬರೆಯಹೊರಟು ಅರ್ಧದಲ್ಲಿ ಅಸಹ್ಯವಾಗಿ ನಿಲ್ಲಿಸಿದ್ದನ್ನು ಎರ್ನೋ ಪುಸ್ತಕದಲ್ಲೇ ಹೇಳುತ್ತಾರೆ. ಬಡವನ ಬದುಕನ್ನು ಅಲಂಕರಿಸಿ ಬರೆದರೆ ಅದು ದ್ರೋಹ ಎಂಬ ನಿಲುವಿನಿಂದ ಬಂದದ್ದು ಅವರ 'ಚಪ್ಪಟೆ ಬರವಣಿಗೆ'. ಅಪ್ಪ-ಅಮ್ಮ ಆಡುತ್ತಿದ್ದ ಮಾತುಗಳನ್ನು ಓರೆ ಅಕ್ಷರದಲ್ಲಿ ಹಾಗೇ ಇಟ್ಟಿದ್ದಾರೆ. ಆ ಓರೆ ಅಕ್ಷರಗಳನ್ನು ನಿಧಾನವಾಗಿ ಓದಬೇಕು. ಅಲ್ಲಿರುವುದು ಒಂದು ವರ್ಗದ ಇಡೀ ನುಡಿಗಟ್ಟು. ಊರಿನ ಕನ್ನಡ ಬಿಟ್ಟು ಓದಿದವರ ಕನ್ನಡಕ್ಕೋ ಇಂಗ್ಲಿಷಿಗೋ ದಾಟಿ, ಮನೆಗೆ ಹೋದಾಗ ಮಾತು ತಡವರಿಸಿದವರಿಗೆ ಈ ಪುಸ್ತಕಕ್ಕೆ ಪ್ರಸ್ತಾವನೆ ಬೇಕಿಲ್ಲ.

'ಲೆಜಾನೆ' ಬೇರೆಯೇ ಸಾಹಸ. 1940ರಲ್ಲಿ ಹುಟ್ಟಿದ ಹೆಂಗಸೊಬ್ಬಳ ಬದುಕನ್ನು ಹೊಸ ಶತಮಾನದ ಮೊದಲ ವರ್ಷಗಳವರೆಗೆ ಹೇಳುತ್ತದೆ, ಆದರೆ ಕಥನದಲ್ಲಿ ಎಲ್ಲೂ 'ನಾನು' ಇಲ್ಲ. ಫೋಟೋಗಳಲ್ಲಿ ಕಾಣುವವಳು 'ಅವಳು'; ಮಿಕ್ಕಲ್ಲೆಲ್ಲ 'ನಾವು', ಅಥವಾ ಫ್ರೆಂಚಿನ 'ಒಂ' ಎಂಬ ಸರ್ವನಾಮ. ಅದಕ್ಕೆ ಇಂಗ್ಲಿಷಿನಲ್ಲಿ ಜೋಡಿಯಿಲ್ಲ. ಅನುವಾದಕಿ ಆಲಿಸನ್ ಸ್ಟ್ರೇಯರ್ ಸಂದರ್ಭ ನೋಡಿ ಬೇರೆ ಬೇರೆ ಸರ್ವನಾಮ ಹಾಕಬೇಕಾಗಿದೆ. ಕನ್ನಡದಲ್ಲಿ ಯೋಚಿಸಿ ನೋಡಿ: 'ಆಗೆಲ್ಲ ಸಕ್ಕರೆ ರೇಷನ್ನಿನಲ್ಲೇ ತರುತ್ತಿದ್ದರು, ಹಬ್ಬಕ್ಕೊಂದು ಸಲ ಬಟ್ಟೆ ಹೊಲಿಸುತ್ತಿದ್ದರು.' ಯಾರು ತರುತ್ತಿದ್ದರು? ಎಲ್ಲರೂ, ಹೇಳುವವರೂ ಅದರಲ್ಲಿ ಸೇರಿದ್ದಾರೆ. ಎರ್ನೋ ಅವರ 'ಒಂ' ಮತ್ತು ಉದ್ದಕ್ಕೂ ಎಳೆದುಕೊಂಡು ಹೋಗುವ ಅಪೂರ್ಣ ಭೂತಕಾಲ ಹೆಚ್ಚುಕಡಿಮೆ ಇದೇ. ಇಂಗ್ಲಿಷ್ ಪ್ರತಿ ಓದುವಾಗ ಮನಸ್ಸಿನಲ್ಲೇ '-ಉತ್ತಿದ್ದರು' ಸೇರಿಸಿಕೊಂಡರೆ ಲಯ ಸಿಗುತ್ತದೆ.

ಎರಡು ಕಡೆ ಕೈಕೊಡುತ್ತದೆ. ಆರಂಭದ ಕೆಲವು ಪುಟ ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳ ಸಾಲು. ಕಥೆ ಎಲ್ಲಿ ಎಂದು ಕೇಳಬೇಡಿ, ಮಗುವಿನ ಮೊದಲ ಫೋಟೋ ಬರುವವರೆಗೆ ತಾಳಿ. ಇನ್ನೊಂದು, ಪುಟಪುಟಕ್ಕೂ ಬರುವ ಫ್ರೆಂಚ್ ಹಾಡು, ಸೋಪು, ರಾಜಕಾರಣಿಗಳ ಹೆಸರು. ಒಂದೊಂದನ್ನೂ ಗೂಗಲ್ ಮಾಡಿದರೆ ಓದು ಸತ್ತಿತು. ಐದು ಗಂಟು ಗೊತ್ತಿದ್ದರೆ ಸಾಕು: 1962ರಲ್ಲಿ ಅಲ್ಜೀರಿಯಾ ಯುದ್ಧದ ಕೊನೆ, 1968ರ ಮೇ ತಿಂಗಳ ವಿದ್ಯಾರ್ಥಿ-ಕಾರ್ಮಿಕರ ದಂಗೆ, ಗರ್ಭಪಾತಕ್ಕೆ ಅನುಮತಿ ಕೊಟ್ಟ 1975ರ ಕಾನೂನು, 1981ರ ಮೇ 10ರ ಅಧ್ಯಕ್ಷ ಚುನಾವಣೆಯಲ್ಲಿ ಸಮಾಜವಾದಿ ಮಿತೆರಾನ್ ಗೆಲುವು, 2002ರ ಏಪ್ರಿಲ್ 21ರಂದು ತೀವ್ರ ಬಲಪಂಥದ ಲೆ ಪೆನ್ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿಗೆ ಬಂದದ್ದು. ಇವುಗಳ ನಡುವೆ ಮರಳಿ ಮರಳಿ ಬರುವ ಹಬ್ಬದ ಊಟಗಳ ಮೇಲೆ ಕಣ್ಣಿಡಿ. ಮೊದಲ ಊಟಗಳಲ್ಲಿ ಹಿರಿಯರು ಯುದ್ಧದ ಹಸಿವಿನ ಕಥೆ ಹೇಳುತ್ತಾರೆ, ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ. ಕೊನೆಯ ಊಟಗಳಲ್ಲಿ ಹಳೆಯದನ್ನು ಕೇಳುವವರೇ ಇಲ್ಲ, ಮಾತೆಲ್ಲ ಹೊಸ ಯಂತ್ರಗಳದ್ದು. ಪುಸ್ತಕದ ಅಧ್ಯಾಯಗಳೆಂದರೆ ಈ ಮೇಜುಗಳೇ.

ಮೊದಲು 'ಲಾ ಪ್ಲಾಸ್'. ಅದು ಹಿಡಿಸದಿದ್ದರೆ 'ಲೆಜಾನೆ' ಹಿಡಿಸುವ ಸಾಧ್ಯತೆ ಕಡಿಮೆ.

ನೆನಪೇ ಸುಳ್ಳು ಹೇಳಿದಾಗ: ಪೆರೆಕ್ ಮತ್ತು ದ್ಯೂರಾ

ಜಾರ್ಜ್ ಪೆರೆಕ್ ಅವರ 'ಡಬ್ಲ್ಯೂ ಅಥವಾ ಬಾಲ್ಯದ ನೆನಪು' (1975) ಈ ಇಡೀ ಪರಂಪರೆಯ ಮೂಲಗಲ್ಲು. ಪೆರೆಕ್ ಯಹೂದಿ ಮನೆಯ ಹುಡುಗ. ತಂದೆ 1940ರಲ್ಲಿ ಸೈನಿಕನಾಗಿ ಸತ್ತರು. ತಾಯಿಯನ್ನು 1943ರ ಫೆಬ್ರವರಿಯಲ್ಲಿ ಆಶ್‌ವಿಟ್ಜ್‌ಗೆ ಸಾಗಿಸಿದರು. ಹುಡುಗನಿಗೆ ಆಗ ಏಳು ತುಂಬಿರಲಿಲ್ಲ.

ಪುಸ್ತಕದಲ್ಲಿ ಎರಡು ಕಥೆ ಒಂದು ಬಿಟ್ಟು ಒಂದು ಅಧ್ಯಾಯದಲ್ಲಿ ನಡೆಯುತ್ತವೆ. ಓರೆ ಅಕ್ಷರದಲ್ಲಿ ಕಲ್ಪಿತ ಕಥೆ: ದಕ್ಷಿಣ ಅಮೆರಿಕದ ತುದಿಯ ಟಿಯೆರಾ ದೆಲ್ ಫ್ಯೂಗೋ ಬಳಿ ಡಬ್ಲ್ಯೂ ಎಂಬ ದ್ವೀಪ, ಅಲ್ಲಿ ಆಟೋಟವೇ ಕಾನೂನು. ನೇರ ಅಕ್ಷರದಲ್ಲಿ ಬಾಲ್ಯ, ಅದೂ ತನಗೆ ಬಾಲ್ಯದ ನೆನಪೇ ಇಲ್ಲ ಎಂಬ ಮಾತಿನಿಂದ ಶುರುವಾಗಿ. ಬಹಳ ಜನ ಮಾಡುವ ತಪ್ಪು, ದ್ವೀಪದ ಅಧ್ಯಾಯಗಳು ಬೇಸರವೆಂದು ಹಾರಿಸಿ ಬಾಲ್ಯವನ್ನಷ್ಟೇ ಓದುವುದು. ಹಾಗೆ ಓದಿದರೆ ಏನೂ ಸಿಗದು. ದ್ವೀಪದ ಕ್ರೀಡಾ ನಿಯಮಗಳು ನಿಧಾನವಾಗಿ ಯಾವುದರ ನಿಯಮಗಳಾಗುತ್ತವೆ ಎಂಬುದರಲ್ಲೇ, ಬಾಲ್ಯದ ಅಧ್ಯಾಯಗಳು ಹೇಳಲಾರದ ಸಂಗತಿ ಇದೆ.

ಒಂದು ಜಾಗವನ್ನು ಹತ್ತಿರದಿಂದ ನೋಡಬೇಕು. ತಾಯಿ ಮಗನನ್ನು ಪ್ಯಾರಿಸ್ಸಿನ ಗಾರ್ ದ ಲಿಯೋನ್ ನಿಲ್ದಾಣದಲ್ಲಿ ರೆಡ್ ಕ್ರಾಸ್ ಗುಂಪಿನೊಂದಿಗೆ ರೈಲು ಹತ್ತಿಸಿ ಕಳಿಸುತ್ತಾಳೆ. ಅದೇ ಕೊನೆಯ ಭೇಟಿ. ಅವಳು ಕೊಡಿಸಿದ ಚಾಪ್ಲಿನ್ ಕಾಮಿಕ್ ಪುಸ್ತಕದ ಮುಖಪುಟದಲ್ಲಿ ಪ್ಯಾರಾಚೂಟ್ ಇತ್ತು, ತನ್ನ ಕೈ ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿತ್ತು ಎಂದು ಪೆರೆಕ್‌ಗೆ ನೆನಪು. ಅತ್ತೆ ಮಾತ್ರ ಕೈ ಕಟ್ಟಿರಲೇ ಇಲ್ಲ ಎನ್ನುತ್ತಾಳೆ. ಪೆರೆಕ್ ತಿದ್ದಿಕೊಳ್ಳುತ್ತಾರೆ, ಇನ್ನೊಂದು ಕಾರಣ ಹುಡುಕುತ್ತಾರೆ, ಅದನ್ನೂ ಅನುಮಾನಿಸುತ್ತಾರೆ. ನೇತಾಡುವ ಪ್ಯಾರಾಚೂಟ್, ನೇತಾಡುವ ಕೈ: ಬೀಳದಂತೆ ಹಿಡಿದುಕೊಳ್ಳುವ ಏನೋ ಒಂದು ಆ ಮಗುವಿಗೆ ಬೇಕಿತ್ತು. ಹೆತ್ತವರ ಬಗ್ಗೆ ಹಿಂದೆ ಬರೆದಿದ್ದ ಎರಡು ತುಣುಕುಗಳನ್ನು ಎಂಟನೇ ಅಧ್ಯಾಯದಲ್ಲಿ ದಪ್ಪಕ್ಷರದಲ್ಲಿ ಹಾಗೇ ಅಚ್ಚು ಹಾಕಿ, 26 ಟಿಪ್ಪಣಿಗಳಿಂದ ತಾವೇ ಕೆಡವುತ್ತಾರೆ. ಟಿಪ್ಪಣಿಗಳನ್ನು ಹಾರಿಸಬೇಡಿ, 'ಅಂತೆ'ಗಳೆಲ್ಲ ಅಲ್ಲಿವೆ. ಡೇವಿಡ್ ಬೆಲ್ಲೋಸ್ ಅವರ ಇಂಗ್ಲಿಷ್ ಅನುವಾದ ನಂಬಿಕಸ್ಥ.

ಮಾರ್ಗರೀತ್ ದ್ಯೂರಾ ಅವರ 'ಲಾಮಾನ್' ('ದಿ ಲವರ್', 1984, ಗೊಂಕೂರ್) ಇದಕ್ಕೆ ಎದುರು. ಫ್ರೆಂಚ್ ವಸಾಹತಾಗಿದ್ದ ಇಂಡೋಚೈನಾ, ಮೆಕಾಂಗ್ ನದಿ ದಾಟುವ ದೋಣಿ, ಹದಿನೈದೂವರೆ ವರ್ಷದ ಹುಡುಗಿ, ಶ್ರೀಮಂತ ಚೀನೀ ಯುವಕ. ಇಡೀ ಕಥೆ ನಿಂತಿರುವುದು ಯಾರೂ ತೆಗೆಯದೇ ಹೋದ ಒಂದು ಫೋಟೋದ ಮೇಲೆ. 'ನಾನು' ಎಂದು ಶುರುವಾದದ್ದು ಮುಂದಿನ ಸಾಲಿಗೆ 'ಅವಳು' ಆಗಿರುತ್ತದೆ. ಇದು ಅಚ್ಚಿನ ತಪ್ಪಲ್ಲ. ಇದೇ ಸಾಮಗ್ರಿಯನ್ನು ದ್ಯೂರಾ 1950ರಲ್ಲೂ 1991ರಲ್ಲೂ ಬೇರೆ ಬೇರೆ ಕಾದಂಬರಿ ಮಾಡಿದ್ದಾರೆ, ವಿವರಗಳು ತಾಳೆಯಾಗುವುದಿಲ್ಲ. ಪ್ರೇಮಕಥೆಯೆಂದು ಉಡುಗೊರೆ ಕೊಡುವವರು ಮೊದಲು ತಾವು ಓದಿ ಕೊಡುವುದು ಕ್ಷೇಮ.

ಕುಟುಂಬದ ದೊಡ್ಡ ಕಥೆಯೇ ಬೇಕೆಂದರೆ

ಮೂರು ತಲೆಮಾರು, ಹೊಲ, ವಲಸೆ, ಮೌನಿಯಾದ ಅಪ್ಪ ಇವೆಲ್ಲ ಇದ್ದರೇ ಕಾದಂಬರಿ ಎನ್ನುವವರು ಆಲಿಸ್ ಜೆನಿತೇರ್ ಅವರ 'ಲಾರ್ ದ ಪೆರ್ದ್ರ್' (2017) ಹಿಡಿಯಿರಿ. ಫ್ರಾಂಕ್ ವಿನ್ ಅನುವಾದಿಸಿದ 'ದಿ ಆರ್ಟ್ ಆಫ್ ಲೂಸಿಂಗ್'ಗೆ 2022ರ ಡಬ್ಲಿನ್ ಸಾಹಿತ್ಯ ಪ್ರಶಸ್ತಿ ಬಂತು. ಅಜ್ಜ ಅಲಿ ಅಲ್ಜೀರಿಯಾದ ಕಬೀಲಿಯಾ ಪ್ರದೇಶದ ಆಲಿವ್ ತೋಟದ ಮಾಲೀಕ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದಾಗ ಫ್ರೆಂಚರ ಪಕ್ಷದವನೆಂಬ ಹಣೆಪಟ್ಟಿ ಹೊತ್ತು ಫ್ರಾನ್ಸಿಗೆ ಓಡಿಬಂದು ರಿವ್‌ಸಾಲ್ತ್ ಶಿಬಿರ ಸೇರುತ್ತಾನೆ. ಮಗ ಹಮೀದ್ ಬಾಯಿ ಬಿಡುವುದಿಲ್ಲ. ಮೊಮ್ಮಗಳು ನಯೀಮಾಗೆ ಏನೂ ಗೊತ್ತಿಲ್ಲ. ಸುಮಾರು 500 ಪುಟವಾದರೂ ಈ ಪಟ್ಟಿಯಲ್ಲಿ ಓದಲು ಅತಿ ಸಲೀಸು ಇದೇ. 'ಹರ್ಕಿ' ಎಂಬ ಪದ ಗೊತ್ತಿರಲಿ: ಆ ಯುದ್ಧದಲ್ಲಿ ಫ್ರೆಂಚ್ ಸೇನೆಯ ಕಡೆಗಿದ್ದ ಅಲ್ಜೀರಿಯನ್ನರು, ಗೆದ್ದವರಿಗೂ ಸೋತವರಿಗೂ ಬೇಡವಾದವರು.

ಅದೇ ಯುದ್ಧವನ್ನು ಪತ್ತೇದಾರಿಯ ವೇಗದಲ್ಲಿ ಬೇಕೆಂದರೆ ದಿದಿಯೇ ದೆನಾಂಕ್ಸ್ ಅವರ 'ಮರ್ಡರ್ ಇನ್ ಮೆಮೋರಿಯಂ'. 1961ರ ಅಕ್ಟೋಬರ್ 17ರಂದು ಪ್ಯಾರಿಸ್ ಪೊಲೀಸರು ಅಲ್ಜೀರಿಯನ್ ಮೆರವಣಿಗೆಯ ಮೇಲೆ ನಡೆಸಿದ ಹತ್ಯಾಕಾಂಡವನ್ನು ಸರ್ಕಾರ ಒಪ್ಪಿಕೊಳ್ಳದಿದ್ದ ಕಾಲದಲ್ಲಿ, 1983ರಲ್ಲಿ, ಬಂದ ಪುಸ್ತಕ. ಅಂದಿನ ಪೊಲೀಸ್ ಮುಖ್ಯಸ್ಥ ಮೊರೀಸ್ ಪಪೋನ್‌ಗೆ 1998ರಲ್ಲಿ ಶಿಕ್ಷೆಯಾಯಿತು, ಆದರೆ ಅದು ಯುದ್ಧಕಾಲದಲ್ಲಿ ಯಹೂದಿಗಳನ್ನು ಸಾಗಿಸಿದ್ದಕ್ಕೆ. ಕಾದಂಬರಿ ಜೋಡಿಸುವುದು ಈ ಎರಡು ಅಪರಾಧಗಳನ್ನೇ.

ಇತಿಹಾಸ ಬೇಕು, ಆದರೆ ಲೇಖಕ ಕಟ್ಟಿ ಹೇಳುತ್ತಿದ್ದಾನೋ ಎಂಬ ಅನುಮಾನ ಬಿಡದು ಎನ್ನುವವರಿಗೆ ಲೊರಾನ್ ಬಿನೆ ಅವರ 'ಎಚ್ಎಚ್ಎಚ್ಎಚ್' (2010). 1942ರಲ್ಲಿ ಪ್ರಾಗ್‌ನಲ್ಲಿ ನಾಜಿ ಅಧಿಕಾರಿ ಹೈಡ್ರಿಶ್ ಮೇಲೆ ನಡೆದ ದಾಳಿ ಕಥಾವಸ್ತು. ಅವನ ಮರ್ಸಿಡಿಸ್ ಕಪ್ಪೋ ಕಡುಹಸಿರೋ ಎಂದು ನಿರೂಪಕ ತಲೆ ಕೆಡಿಸಿಕೊಳ್ಳುತ್ತಾನೆ. 257 ಅಧ್ಯಾಯಗಳು, ಕೆಲವು ಒಂದೆರಡು ಸಾಲಿನವು, ಬಸ್ಸಿನಲ್ಲಿ ಓದಲು ಅನುಕೂಲ. ಜೊನಾಥನ್ ಲಿಟೆಲ್ ಅವರ 'ದಿ ಕೈಂಡ್ಲಿ ಒನ್ಸ್' (ಮೂಲ 2006) 900 ಪುಟಕ್ಕೂ ಹೆಚ್ಚು, ನಾಜಿ ಪಡೆಯಾದ ಎಸ್‌ಎಸ್ ಅಧಿಕಾರಿಯ ಬಾಯಲ್ಲಿ. ಹೊಟ್ಟೆ ಗಟ್ಟಿಯಿರುವವರಿಗೆ ಮಾತ್ರ.

ಫ್ರೆಂಚಿನಲ್ಲೇ ಓದುವವರಿಗೆ

ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೋ ಬೇರೆಲ್ಲೋ ಬಿ1 ಎಂಬ ನಡುಮಟ್ಟದ ಕೋರ್ಸು ಮುಗಿಸಿದವರು ಅನುವಾದಕ್ಕೆ ಕಾಯಬೇಕಿಲ್ಲ. 'ಲಾ ಪ್ಲಾಸ್' ಮೊದಲ ಮೂಲಪುಸ್ತಕವಾಗಲು ಹೇಳಿ ಮಾಡಿಸಿದ್ದು: ಚಿಕ್ಕ ವಾಕ್ಯ, ದಿನಬಳಕೆಯ ಪದ, ದಿನಕ್ಕೆ ಎಂಟು ಪುಟದಂತೆ ಎರಡು ವಾರ. ನಂತರ 'ದೋರಾ ಬ್ರುದೇ'. ಅದರಲ್ಲಿ ಕಷ್ಟವಾಗುವುದು ಕಚೇರಿ ಕಾಗದಗಳ ಭಾಷೆ. ಪೊಲೀಸ್ ಪತ್ರಗಳನ್ನು ಮೊದಲ ಸಲ ಅರ್ಥವಾದಷ್ಟಕ್ಕೆ ಓದಿ ಮುಂದೆ ಹೋಗಿ. ದ್ಯೂರಾ ಅವರ ಪದಗಳು ಸುಲಭ, ವಾಕ್ಯ ಎಲ್ಲಿ ಮುರಿಯುತ್ತದೆಂದು ಹಿಡಿಯಲು ಗಟ್ಟಿಯಾಗಿ ಓದಬೇಕು. 'ಲೆಜಾನೆ'ಯನ್ನು ಒಮ್ಮೆ ಇಂಗ್ಲಿಷಿನಲ್ಲಿ ಓದಿದ ಮೇಲೆ ಮೂಲಕ್ಕೆ ಹೋಗಿ.

1985ರ ನೊಬೆಲ್ ಪಡೆದ ಕ್ಲೋದ್ ಸಿಮೊನ್ ಅವರ 'ಲಾ ರೂತ್ ದೆ ಫ್ಲಾಂದ್ರ್' (1960) ಮಾತ್ರ ಸದ್ಯಕ್ಕೆ ಕಪಾಟಿನಲ್ಲೇ ಇರಲಿ. 1940ರಲ್ಲಿ ಕುದುರೆ ಮೇಲೆ ಕೂತು ಸೋತ ಸೈನಿಕನ ನೆನಪು ಕಂಸದೊಳಗೊಂದು ಕಂಸ ತೆರೆಯುತ್ತ ಪುಟಗಟ್ಟಲೆ ಹೋಗುತ್ತದೆ. ಉಳಿದವನ್ನೆಲ್ಲ ಓದಿ ಮುಗಿಸಿದ ಮೇಲೆ ಅದರ ಮೊದಲ ಎರಡು ಪುಟ ತೆರೆಯಿರಿ. ಪೂರ್ಣವಿರಾಮ ಬರುವ ತನಕ ಉಸಿರು ನಿಂತರೆ ಮುಂದುವರಿಸಿ.